ಪರನಾಡಿನಲ್ಲಿ ಮುಯ್ಯಾಳು

(ಮುರಗೋಡದಲ್ಲಿ ನಡೆದ ಯುವಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೇಪಾಳದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಸ್ವಯಂಸೇವಕರಾಗಿ ಹೋಗಿ ಬಂದ ಅನುಭವವನ್ನು ಹೇಳಬೇಕೆಂದು ಸಂಘಟಕರು ನಮ್ಮನ್ನು ಇಲ್ಲಿಗೆ ಕರೆದಿದ್ದಾರೆ. ಸೇವೆಯ ಮಹತ್ವದ ಕುರಿತು ಭಾಷಣಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಸೇವೆ ಮಾಡಲು ಹೋದವನು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾನೆ, ಏನನ್ನು ಹೊರುತ್ತಾನೆ, ಯಾರ ಮಾತು ಕೇಳುತ್ತಾನೆ, ಅವನು ಹೋಗಿದ್ದರಿಂದ ಆ ಊರಿಗೆ ನಿಜಕ್ಕೂ ಏನಾಯಿತು ಎಂಬ ವಿವರಗಳನ್ನು ಯಾರೂ ಹೇಳುವುದಿಲ್ಲ. ಆದ್ದರಿಂದ ಇಂದು ನಾವು ಆ ವಿವರಗಳನ್ನೇ ಹೇಳಲು ಬಯಸುತ್ತೇವೆ. ಅದರೊಂದಿಗೆ, ನಾವು ಮರಳಿ ಬಂದ ನಂತರ ನಮ್ಮವರೇ ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರಿಸಬೇಕಾಗಿದೆ. ಒಂದು, ಅಷ್ಟು ದೂರ ಹೋಗುವ ಬದಲು ಆ ಹಣವನ್ನೇ ಕಳುಹಿಸಬಹುದಿತ್ತಲ್ಲವೇ? ಎರಡು, ಅಲ್ಲಿ ಮುಸಲ್ಮಾನರ ಮನೆ ಎಷ್ಟು ಕಟ್ಟಿದಿರಿ?

ಮೊದಲು ಹಿನ್ನೆಲೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪ ಸಂಭವಿಸಿತು. ಅದರ ಕೇಂದ್ರ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಗ್ರಾಮದ ಸಮೀಪದಲ್ಲಿತ್ತು. ಸುಮಾರು 9 ಸಾವಿರ ಜನ ಪ್ರಾಣ ಕಳೆದುಕೊಂಡರು. ಸುಮಾರು 5 ಲಕ್ಷ ಮನೆಗಳು ಸಂಪೂರ್ಣವಾಗಿ ಕುಸಿದವು. ಅಂದು ಶನಿವಾರ, ಸಮಯ ನಡುಹಗಲು. ನೇಪಾಳದಲ್ಲಿ ವಾರದ ರಜೆ ಶನಿವಾರ. ಹೀಗಾಗಿ ಸಾವಿರಾರು ಶಾಲಾ ಕೊಠಡಿಗಳು ನೆಲಕ್ಕುರುಳಿದರೂ ಮಕ್ಕಳು ಅವುಗಳ ಒಳಗಿರಲಿಲ್ಲ.

ಕುಸಿದ ಮನೆಗಳಲ್ಲಿ ಹೆಚ್ಚಿನವು ಕಲ್ಲು ಮತ್ತು ಮಣ್ಣಿನ ಗಾರೆಯಿಂದ ಕಟ್ಟಿದವು. ಈ ಮಾತನ್ನು ಕೇಳುವಾಗ ನಮ್ಮ ಭಾಗದ ಜನರಿಗೆ ಕಿಲ್ಲಾರಿ ನೆನಪಾಗಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಆ ಗ್ರಾಮದ ಸುತ್ತಮುತ್ತ ಸಾವಿರಾರು ಜನರನ್ನು ಕೊಂದದ್ದು ದಪ್ಪ ಕಲ್ಲಿನ ಗೋಡೆ ಮತ್ತು ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಊರುಗಳಲ್ಲಿ ನಮ್ಮ ಹಿರಿಯರು ಕಟ್ಟಿದ್ದು ಅಂಥದೇ ಮನೆಗಳನ್ನು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ನೀರು ಹೊಕ್ಕರೆ ಅಥವಾ ನೆಲ ಅಲುಗಿದರೆ ಅದೇ ಗೋಡೆ ಮನೆಯವರ ಮೇಲೆ ಬೀಳುತ್ತದೆ.

ನಾವು ಹೊರಟಿದ್ದು 2018ರ ಜನವರಿಯಲ್ಲಿ, ಭೂಕಂಪ ಸಂಭವಿಸಿ ಎರಡೂವರೆ ವರ್ಷಗಳಾದ ಮೇಲೆ. ಏಳು ಜನರಿದ್ದೆವು. ನಮ್ಮಲ್ಲಿ ಇಬ್ಬರು ಗೌಂಡಿಗಳು, ಒಬ್ಬರು ಬಡಿಗರು, ಒಬ್ಬರು ಶಾಲಾ ಶಿಕ್ಷಕರು, ಉಳಿದವರು ಅಂಗಡಿ ಮತ್ತು ಹೊಲದ ಕೆಲಸದವರು. ಬೆಳಗಾವಿಯಿಂದ ಪುಣೆ, ಪುಣೆಯಿಂದ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ. ಭಾರತೀಯರಿಗೆ ನೇಪಾಳಕ್ಕೆ ಹೋಗಲು ವೀಸಾ ಬೇಕಿಲ್ಲ. ಗಡಿ ದಾಟಿದ ಮೇಲೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಬೇಕು, ಅಷ್ಟೇ. ನಾರಾಯಣಘಾಟ್, ಮುಗ್ಲಿಂಗ್, ಆಬು ಖೈರೇನಿ ಮಾರ್ಗವಾಗಿ ಗೋರ್ಖಾ ಪೇಟೆಗೆ ಬಂದು, ಅಲ್ಲಿಂದ ಅರ್ಧ ದಿನ ಗುಡ್ಡ ಹತ್ತಿದ ಮೇಲೆ ನಾವು ಕೆಲಸ ಮಾಡಬೇಕಿದ್ದ ಊರು ಸಿಕ್ಕಿತು. ಅಲ್ಲಿ ಗುರುಂಗರು, ಕಮ್ಮಾರಿಕೆ ಮಾಡುವ ಕಾಮಿಗಳು, ಹಾಗೂ ಕೆಲವು ಚುರೌಟೆ ಮನೆತನಗಳು ವಾಸವಾಗಿದ್ದವು. ಚುರೌಟೆಗಳೆಂದರೆ ನೇಪಾಳದ ಗುಡ್ಡಗಾಡಿನ ಮುಸಲ್ಮಾನರು. ಚೂರಾ ಎಂದರೆ ಬಳೆ. ಊರೂರು ಅಲೆದು ಬಳೆ ಮಾರುವುದು ಅವರ ಪರಂಪರೆಯ ಕಸುಬು. ನಮ್ಮ ಬಳೆಗಾರರನ್ನು ಕಂಡಂತೆಯೇ ಆಯಿತು, ಮಾತು ಮಾತ್ರ ನೇಪಾಳಿ.

ಎರಡೂವರೆ ವರ್ಷ ಕಳೆದರೂ ಮನೆಗಳೇಕೆ ಎದ್ದಿರಲಿಲ್ಲ? ಇದನ್ನು ತಿಳಿಯದೆ ಸ್ವಯಂಸೇವಕನ ಕೆಲಸದ ಅರ್ಥ ತಿಳಿಯದು. ಭೂಕಂಪದ ನಂತರ ನೇಪಾಳ ಸರಕಾರವು ಪುನರ್ನಿರ್ಮಾಣ ಪ್ರಾಧಿಕಾರವೊಂದನ್ನು ರಚಿಸಿ, ಮನೆ ಕಳೆದುಕೊಂಡ ಪ್ರತಿ ಕುಟುಂಬಕ್ಕೆ 3 ಲಕ್ಷ ನೇಪಾಳಿ ರೂಪಾಯಿಗಳ ನೆರವು ನೀಡಲು ತೀರ್ಮಾನಿಸಿತು. ನಮ್ಮ ಹಣದಲ್ಲಿ ಅದು 1,87,500 ರೂಪಾಯಿ. ಈ ಮೊತ್ತ ಒಮ್ಮೆಗೇ ಕೈಗೆ ಬರುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದಾಗ 50 ಸಾವಿರ. ಬುನಾದಿ ಮುಗಿದು ಪ್ಲಿಂತ್ ಮಟ್ಟಕ್ಕೆ ಬಂದಿದೆಯೆಂದು ಎಂಜಿನಿಯರ್ ಪರಿಶೀಲಿಸಿದ ಮೇಲೆ ಒಂದೂವರೆ ಲಕ್ಷ. ಗೋಡೆ ಛಾವಣಿಯ ಮಟ್ಟಕ್ಕೆ ಏರಿದ ಮೇಲೆ ಉಳಿದ ಒಂದು ಲಕ್ಷ. ಪ್ರತಿ ಕಂತಿಗೂ ಗಡುವಿತ್ತು. ಮನೆ ಭೂಕಂಪ ತಾಳುವಂತೆ ಕಟ್ಟಲ್ಪಡಬೇಕು, ಹಣ ಬೇರೆ ದಾರಿ ಹಿಡಿಯಬಾರದು ಎಂಬುದು ಇದರ ಉದ್ದೇಶ. ಉದ್ದೇಶದಲ್ಲಿ ದೋಷವಿಲ್ಲ. ಆದರೆ ಬುನಾದಿ ಅಗೆಯಲು ಮನೆಯಲ್ಲಿ ಕೈಗಳೇ ಇಲ್ಲದವರು ಏನು ಮಾಡಬೇಕು? ಮೊದಲ ಕಂತಿನ 50 ಸಾವಿರವು ಕಲ್ಲು ಸಾಗಿಸುವುದಕ್ಕೇ ತೀರಿಹೋಗುತ್ತಿತ್ತು. ಪ್ಲಿಂತ್ ಮಟ್ಟ ಮುಟ್ಟದಿದ್ದರೆ ಎರಡನೆಯ ಕಂತು ಇಲ್ಲ. ಎರಡನೆಯ ಕಂತು ಇಲ್ಲದಿದ್ದರೆ ಪ್ಲಿಂತ್ ಮಟ್ಟ ಮುಟ್ಟಲು ಹಣವಿಲ್ಲ.

ಕೈಗಳು ಎಲ್ಲಿ ಹೋಗಿದ್ದವು? ಕತಾರ್, ಮಲೇಷಿಯಾ, ಸೌದಿ ಅರೇಬಿಯಾ, ದುಬೈ. ಆ ವರ್ಷಗಳಲ್ಲಿ ನೇಪಾಳದ ಒಟ್ಟು ಆದಾಯದ ಸುಮಾರು ಕಾಲು ಭಾಗಕ್ಕೆ ಸಮನಾದ ಹಣವನ್ನು ಹೊರನಾಡಿನಲ್ಲಿ ದುಡಿಯುವ ಮಕ್ಕಳೇ ಕಳುಹಿಸುತ್ತಿದ್ದರು. 2022ರ ವಿಶ್ವಕಪ್ ಫುಟ್ಬಾಲ್‌ಗಾಗಿ ದೋಹಾದಲ್ಲಿ ಕ್ರೀಡಾಂಗಣಗಳು ಏಳುತ್ತಿದ್ದಾಗ ಅಲ್ಲಿ ಕಬ್ಬಿಣ ಕಟ್ಟುತ್ತಿದ್ದವರಲ್ಲಿ ಗೋರ್ಖಾದ ಹುಡುಗರೂ ಇದ್ದರು; ಅದೇ ಹೊತ್ತಿಗೆ ಅವರ ತಾಯಂದಿರು ತಗಡಿನ ಗುಡಿಸಲಿನಲ್ಲಿ ಮೂರನೆಯ ಚಳಿಗಾಲವನ್ನು ಕಳೆಯುತ್ತಿದ್ದರು. ಇದನ್ನು ನೇಪಾಳದ ವಿಚಿತ್ರವೆಂದು ಯಾರೂ ಭಾವಿಸಬೇಡಿ. ನಮ್ಮ ತಾಲೂಕುಗಳ ಗೌಂಡಿಗಳನ್ನು ನೋಡಬೇಕಾದರೆ ಗೋವಾಕ್ಕೆ ಹೋಗಬೇಕು.

ಇನ್ನು ದಿನಚರಿ. ನಸುಕಿನ ನಮಾಝ್ ಮುಗಿಯುವಾಗ ಹೊರಗೆ ಇನ್ನೂ ಕತ್ತಲೆ. ಆ ಎತ್ತರದಲ್ಲಿ ಜನವರಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು; ವುಝೂ ಮಾಡುವಾಗ ನಮ್ಮ ಬೆಳಗಾವಿಯ ಚಳಿಯನ್ನು ಚಳಿಯೆಂದು ಕರೆದದ್ದಕ್ಕೆ ನಗು ಬರುತ್ತಿತ್ತು. ಆರೂವರೆಗೆ ಒಂದು ಲೋಟ ಕರಿ ಚಹಾ. ನಂತರ ಕಲ್ಲು ಹೊರುವುದು. ಅಲ್ಲಿ ತಳ್ಳುಗಾಡಿ ನಡೆಯುವ ದಾರಿಯಿಲ್ಲ. ಬಿದಿರಿನ ಡೋಕೋ ಬುಟ್ಟಿಯನ್ನು ಬೆನ್ನಿಗಿಟ್ಟು, ಅದರ ಪಟ್ಟಿಯನ್ನು ಹಣೆಗೆ ಕೊಟ್ಟು, ಭಾರವನ್ನೆಲ್ಲ ಕುತ್ತಿಗೆಯ ಮೇಲೆ ಹೊತ್ತು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಆ ಪಟ್ಟಿಯನ್ನು ನಾಮ್ಲೋ ಎನ್ನುತ್ತಾರೆ. ಮೊದಲ ವಾರ ನಾವು ತಲಾ ನಾಲ್ಕು ಕಲ್ಲು ಹೊತ್ತರೆ, ಅರವತ್ತು ದಾಟಿದ ಹೆಂಗಸರು ಎಂಟು ಹೊತ್ತು ನಮ್ಮನ್ನು ದಾಟಿ ಹೋಗುತ್ತಿದ್ದರು. ಯಾರೂ ಹಾಸ್ಯ ಮಾಡಲಿಲ್ಲ. ಚಿಕ್ಕ ಹುಡುಗನೊಬ್ಬ ಮಾತ್ರ ಹಣೆಪಟ್ಟಿಯನ್ನು ಎಷ್ಟು ಮೇಲೆ ಇಡಬೇಕೆಂದು ದಿನವೂ ಬಂದು ತಿದ್ದುತ್ತಿದ್ದ.

ಹತ್ತು ಗಂಟೆಗೆ ಊಟ. ಬೆಳಗಿನ ಉಪಾಹಾರವೆಂಬುದು ಅಲ್ಲಿಲ್ಲ. ಹತ್ತಕ್ಕೇ ಅನ್ನ, ಬೇಳೆ, ಸೊಪ್ಪು. ಕೆಲವು ದಿನ ಢಿಂಡೋ, ಅಂದರೆ ರಾಗಿ ಹಿಟ್ಟಿನ ಮುದ್ದೆ, ಜೊತೆಗೆ ಹುಳಿಬರಿಸಿ ಒಣಗಿಸಿದ ಸೊಪ್ಪಿನ ಸಾರು. ಜೋಳದ ರೊಟ್ಟಿಯ ನಮಗೆ ನಾಲ್ಕನೆಯ ದಿನಕ್ಕೆ ರೊಟ್ಟಿಯ ಕನಸು ಬೀಳತೊಡಗಿತು. ಮಾಂಸದ ವಿಷಯದಲ್ಲಿ ನಾವು ಏನನ್ನೂ ವಿವರಿಸಬೇಕಾಗಿ ಬರಲಿಲ್ಲ. ಚುರೌಟೆಗಳ ಜೊತೆ ತಲೆಮಾರುಗಳಿಂದ ಬಾಳಿದ ಊರಿನವರಿಗೆ ನಮ್ಮ ರೀತಿನೀತಿ ಗೊತ್ತಿತ್ತು. ಮಾಂಸ ಬೇಯುವ ದಿನ ನಮಗೆ ಮೊಸರು ಬರುತ್ತಿತ್ತು. ಊಟದ ನಂತರ ಸಂಜೆ ಐದರವರೆಗೆ ಗೋಡೆಯ ಕೆಲಸ. ನಡುವೆ ಎರಡೂವರೆಗೆ ಅವಲಕ್ಕಿ, ಚಹಾ. ಕತ್ತಲಾಗುವುದರೊಳಗೆ ಮತ್ತೆ ಅನ್ನ, ಬೇಳೆ. ಎಂಟು ಗಂಟೆಗೆ ಊರು ಮಲಗುತ್ತಿತ್ತು, ನಾವೂ ಮಲಗುತ್ತಿದ್ದೆವು. ಶನಿವಾರ ರಜೆ. ಶುಕ್ರವಾರ ಜುಮಾ ನಮಾಝಿಗೆ ಚುರೌಟೆ ಮನೆಗಳ ಕಡೆಗೆ ಇಳಿದು ಹೋಗಿ, ತಿರುಗಿ ಬಂದು ಉಳಿದ ಎರಡು ತಾಸಿನ ಕೆಲಸ ಮುಗಿಸುತ್ತಿದ್ದೆವು.

ನಮ್ಮ ಮೇಲೆ ಕೆಲಸದ ಅಧಿಕಾರ ನಡೆಸಿದವರು ಒಬ್ಬ ಮಹಿಳೆ. ಅಲ್ಲಿ ಕಲ್ಲು ಕಟ್ಟುವವರನ್ನು ಡಕರ್ಮಿ ಎನ್ನುತ್ತಾರೆ. ಭೂಕಂಪದ ಮೊದಲು ಅದು ಗಂಡಸರ ಕೆಲಸವಾಗಿತ್ತು. ಗಂಡಸರು ಊರಿನಲ್ಲಿಲ್ಲದ ಕಾರಣ ಸಾವಿರಾರು ಹೆಂಗಸರಿಗೆ ಈ ಕೆಲಸವನ್ನು ಕಲಿಸಲಾಯಿತು. ಹೊಸಬರಿಗೆ ಕೆಲಸ ಮಾಡುತ್ತಲೇ ಕಲಿಯುವ 50 ದಿನಗಳ ತರಬೇತಿಯಿತ್ತು. ಈ ದಿದಿಯೂ ಹಾಗೆಯೇ ಕಲಿತವರು, ವಯಸ್ಸು ಮೂವತ್ತೈದರ ಆಸುಪಾಸು. ನಮ್ಮ ಇಬ್ಬರು ಗೌಂಡಿಗಳು ಇಪ್ಪತ್ತು ವರ್ಷಗಳಿಂದ ಗೋಡೆ ಕಟ್ಟಿದವರು. ಮೊದಲ ಎರಡು ದಿನ ಅವರಿಗೆ ಸ್ವಲ್ಪ ಇರುಸುಮುರುಸಾಯಿತೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಮೂರನೆಯ ದಿನ ದಿದಿ ಅವರಿಬ್ಬರಿಗೆ ಕೆಲಸ ತೋರಿಸಿಕೊಟ್ಟರು. ಗೋಡೆಯ ಒಳಮುಖ, ಹೊರಮುಖ ಎರಡೂ ಬೇರೆ ಬೇರೆಯಾಗಿ ನಿಂತು ನಡುವೆ ಪುಡಿಗಲ್ಲು ತುಂಬಿದರೆ ಭೂಮಿ ನಡುಗಿದಾಗ ಗೋಡೆ ಸೀಳಿಕೊಂಡು ಎರಡೂ ಕಡೆಗೆ ಬೀಳುತ್ತದೆ. ಆದ್ದರಿಂದ ಎರಡೂ ಮುಖಗಳನ್ನು ಹಿಡಿಯುವಷ್ಟು ಉದ್ದದ ಕಲ್ಲನ್ನು ಸುಮಾರು ನಾಲ್ಕು ಅಡಿಗೊಂದರಂತೆ, ಎತ್ತರದಲ್ಲಿ ಎರಡು ಅಡಿಗೊಂದರಂತೆ ಅಡ್ಡಲಾಗಿ ಇಡಬೇಕು. ಪ್ಲಿಂತ್‌ನಲ್ಲಿ, ಕಿಟಕಿಯ ಕೆಳಗೆ, ಬಾಗಿಲಿನ ಮೇಲೆ ಮನೆಯನ್ನು ಸುತ್ತುವರಿಯುವ ಪಟ್ಟಿ ಇರಬೇಕು, ಅದು ಮರದ್ದಾದರೂ ಸರಿ, ಕಾಂಕ್ರೀಟಿನದ್ದಾದರೂ ಸರಿ. ಬಾಗಿಲು, ಕಿಟಕಿಗಳು ಮೂಲೆಯಿಂದ ಕನಿಷ್ಠ ಎರಡು ಅಡಿ ದೂರವಿರಬೇಕು. ಮೇಲೆ ಹಗುರವಾದ ತಗಡು. ಇಷ್ಟೇ. ಇದರಲ್ಲಿ ಹೊರದೇಶದಿಂದ ತರಬೇಕಾದ ವಸ್ತು ಯಾವುದೂ ಇಲ್ಲ. ಕಲ್ಲು ಅದೇ, ಮಣ್ಣು ಅದೇ, ಕಟ್ಟುವ ಕ್ರಮ ಮಾತ್ರ ಬೇರೆ. ನಮ್ಮ ಗೌಂಡಿಯೊಬ್ಬರು ಅಂದು ಸಂಜೆ, ಕಿಲ್ಲಾರಿಯ ಗೋಡೆಗಳಲ್ಲಿ ಇದೊಂದು ಕಲ್ಲು ಇದ್ದಿದ್ದರೆ ಎಂದು ಹೇಳಿ ಸುಮ್ಮನಾದರು. ಮರುದಿನದಿಂದ ಅವರು ದಿದಿಯ ಮಾತಿಗೆ ಎದುರಾಡಿದ್ದನ್ನು ನಾವು ಕೇಳಲಿಲ್ಲ.

ನಮ್ಮ ಸಮಾಜದಲ್ಲಿ ಹೆಣ್ಣುಮಕ್ಕಳಿಗೆ ಕಸುಬು ಕಲಿಸುವ ಮಾತು ಬಂದರೆ ಹೊಲಿಗೆ ಯಂತ್ರದ ಆಚೆಗೆ ನಮ್ಮ ಕಲ್ಪನೆ ಹೋಗುವುದಿಲ್ಲ. ಅದರ ಬಗ್ಗೆ ಇನ್ನೊಮ್ಮೆ ಮಾತನಾಡಬಹುದು.

ಈಗ ಈ ಭಾಷಣದ ಮುಖ್ಯ ವಿಷಯಕ್ಕೆ ಬರುತ್ತೇವೆ. ನೇಪಾಳದ ಹಳ್ಳಿಗಳಲ್ಲಿ ಪರ್ಮ ಎಂಬ ಪದ್ಧತಿಯಿದೆ. ಇಂದು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ. ಹಣದ ಮಾತಿಲ್ಲ, ಆಳಿಗೆ ಆಳು. ನಮ್ಮಲ್ಲಿ ಹಿರಿಯರು ಇದನ್ನೇ ಮುಯ್ಯಿ ಎನ್ನುತ್ತಿದ್ದರು, ಹಾಗೆ ಬರುವವನು ಮುಯ್ಯಾಳು. ಮದುವೆಯಲ್ಲಿ ಓದಿಸುವ ಮುಯ್ಯಿ ಉಳಿದಿದೆ, ಹೊಲದ ಮುಯ್ಯಿ ಬಹುಮಟ್ಟಿಗೆ ಮರೆತುಹೋಗಿದೆ. ಆ ಊರಿನಲ್ಲಿ ಮನೆಗಳು ಎದ್ದದ್ದು ಪರ್ಮದಿಂದಲೇ. ಆದರೆ ಪರ್ಮಕ್ಕೆ ಒಂದು ಕಠಿಣ ನಿಯಮವಿದೆ. ತಿರುಗಿ ಕೊಡಲು ಆಳಿಲ್ಲದವನು ಅದರೊಳಗೆ ಬರಲಾರ. ಊರಿನಲ್ಲಿ ಅಂಥ ಮೂರು ಮನೆಗಳಿದ್ದವು. ಒಂದು, ಎಪ್ಪತ್ತರ ಹತ್ತಿರದ ಒಬ್ಬ ಗುರುಂಗ್ ವಿಧವೆಯದು. ಮಗ ಕತಾರಿನಲ್ಲಿದ್ದ, ಅವನ ಸಂಬಳ ಅವನನ್ನು ಕಳುಹಿಸಲು ಮಾಡಿದ ಸಾಲಕ್ಕೇ ಹೋಗುತ್ತಿತ್ತು. ಎರಡನೆಯದು, ಭೂಕಂಪದಲ್ಲಿ ಕಾಲು ಕಳೆದುಕೊಂಡ ಒಬ್ಬ ಕಾಮಿಯದು. ಮೂರನೆಯದು, ಮಕ್ಕಳಿಲ್ಲದ ವೃದ್ಧ ಚುರೌಟೆ ದಂಪತಿಯದು. ಮೂವರ ಬುನಾದಿಯೂ ನೆಲದ ಮಟ್ಟದಲ್ಲೇ ನಿಂತಿತ್ತು.

ನಾವು ಸಹಜವಾಗಿಯೇ ಈ ಮೂರು ಮನೆಗಳನ್ನು ಕಟ್ಟಿಕೊಡುವೆವೆಂದು ಹೇಳಿದೆವು. ದಿದಿ ಮತ್ತು ಊರಿನ ಹಿರಿಯರು ಒಂದು ಸಂಜೆ ಕುಳಿತು ಚರ್ಚಿಸಿ ಬೇರೆ ಏರ್ಪಾಡು ಮಾಡಿದರು. ನಮ್ಮ ಏಳು ಜನರ ಪ್ರತಿ ದಿನದ ದುಡಿಮೆಯನ್ನೂ ಈ ಮೂರು ಮನೆಗಳ ಪರ್ಮವೆಂದು ಲೆಕ್ಕ ಹಿಡಿಯುವುದು. ನಾವು ಊರಿನಲ್ಲಿ ಯಾರ ಮನೆಯ ಗೋಡೆಗೆ ಕಲ್ಲು ಹೊತ್ತರೂ ಆ ಮನೆಯವರು ಅಷ್ಟು ಆಳುಗಳನ್ನು ಈ ಮೂವರಿಗೆ ತಿರುಗಿ ಕೊಡಬೇಕು. ಶಾಲೆಯ ನೋಟ್‌ಬುಕ್ಕಿನಲ್ಲಿ ದಿದಿ ಲೆಕ್ಕ ಬರೆಯುತ್ತಿದ್ದರು. ನಾವು ಅಲ್ಲಿದ್ದ ಅವಧಿಯಲ್ಲಿ ರಜೆ, ಮಳೆ, ಜ್ವರಗಳನ್ನು ಕಳೆದು 33 ದಿನ ಕೆಲಸ ನಡೆಯಿತು. ಏಳು ಜನ, 33 ದಿನ, 231 ಆಳು. ಮನೆಗೆ 77ರಂತೆ ಮೂವರ ಹೆಸರಿಗೂ ಬರೆಯಲಾಯಿತು.

ಇದರಿಂದ ಏನು ವ್ಯತ್ಯಾಸವಾಯಿತು? ಕೆಲಸದ ದೃಷ್ಟಿಯಿಂದ ಹೇಳುವುದಾದರೆ, ನುರಿತ ಕೈಗಳು ಆ ಮೂರು ಬುನಾದಿಗಳಿಗೆ ಬಂದವು, ನಮ್ಮಂಥ ಅರೆಬರೆ ಕಲಿತವರು ಎಲ್ಲ ಕಡೆ ಹಂಚಿಹೋಗಿ ಕಲ್ಲು ಹೊತ್ತೆವು. ನಾವು ಹೊರಡುವ ಹೊತ್ತಿಗೆ ಮೂರೂ ಮನೆಗಳು ಪ್ಲಿಂತ್ ದಾಟಿದ್ದವು. ಎಂಜಿನಿಯರ್ ಬಂದು ನೋಡಿ ಎರಡನೆಯ ಕಂತಿಗೆ ಬರೆದುಕೊಂಡು ಹೋದರು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಆ ವೃದ್ಧ ಗುರುಂಗ್ ತಾಯಿಯನ್ನು ಊರಿನವರು ಆಮಾ ಎಂದು ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಮೊದಲ ದಿನಗಳಲ್ಲಿ ಆಕೆ ನಮ್ಮನ್ನು ಕಂಡರೆ ಕೈಮುಗಿದು ದೂರ ನಿಲ್ಲುತ್ತಿದ್ದರು. ಲೆಕ್ಕ ಶುರುವಾದ ಹತ್ತು ದಿನಗಳ ನಂತರ ಅದೇ ಆಮಾ ನೆರೆಮನೆಯ ಅಂಗಳಕ್ಕೆ ಹೋಗಿ, ನನ್ನ ಆಳು ನಿಮ್ಮಲ್ಲಿ ನಾಲ್ಕು ದಿನ ದುಡಿದಿದೆ, ನಿಮ್ಮವರನ್ನು ಯಾವಾಗ ಕಳುಹಿಸುತ್ತೀರಿ ಎಂದು ಗಟ್ಟಿ ದನಿಯಲ್ಲಿ ಕೇಳುವುದನ್ನು ನಾವು ಕಂಡೆವು. ನಾವು ಆಕೆಯ ಆಳುಗಳಾಗಿದ್ದೆವು. ಆಕೆ ಊರಿಗೆ ಸಾಲ ಕೊಟ್ಟವರಾಗಿದ್ದರು. ಮೂರು ವರ್ಷಗಳಿಂದ ಬೇಡುವವರ ಸಾಲಿನಲ್ಲಿ ನಿಂತಿದ್ದವರು ಕೇಳುವ ಹಕ್ಕುಳ್ಳವರಾದರು.

ಈಗ ಮೊದಲ ಪ್ರಶ್ನೆ. ಹಣ ಕಳುಹಿಸಬಹುದಿತ್ತಲ್ಲವೇ? ನ್ಯಾಯವಾದ ಪ್ರಶ್ನೆ. ಪರದೇಶದಲ್ಲಿ ಶಾಲೆ ಕಟ್ಟುವ ಅನುಭವವನ್ನು ಶುಲ್ಕಕ್ಕೆ ಮಾರುವ ವ್ಯಾಪಾರ ಇಂದು ಜಗತ್ತಿನಾದ್ಯಂತ ನಡೆದಿದೆ. ಶ್ರೀಮಂತ ದೇಶಗಳ ವಿದ್ಯಾರ್ಥಿಗಳು ಎರಡು ವಾರ ಬಂದು ಇಟ್ಟಿಗೆ ಜೋಡಿಸಿ, ಮಕ್ಕಳೊಡನೆ ಚಿತ್ರ ತೆಗೆಸಿಕೊಂಡು ಹೋಗುತ್ತಾರೆ. ಸ್ಥಳೀಯ ಕೂಲಿಕಾರನ ದುಡಿಮೆಗೆ ಕುತ್ತು ಬರುತ್ತದೆ. ಕೂಲಿಕಾರನು ಕೆಲಸವಿಲ್ಲದೆ ಕುಳಿತ ಊರಿಗೆ ಬಿಟ್ಟಿ ದುಡಿಯಲು ಹೋಗುವುದು ಸೇವೆಯಲ್ಲ, ಅನ್ಯಾಯ. ಅಂಥ ಕಡೆಗೆ ಹಣವನ್ನೇ ಕಳುಹಿಸಬೇಕು. ಆದರೆ ನಾವು ಹೋದ ಊರಿನಲ್ಲಿ ಕೂಲಿ ಕೊಡುತ್ತೇವೆಂದರೂ ಬರುವವರಿರಲಿಲ್ಲ. ಹಣಕ್ಕೆ ಆಳು ಸಿಗುವಂತಿದ್ದರೆ ಕತಾರಿನಿಂದ ಹಣ ಬರುತ್ತಿದ್ದ ಮನೆಗಳಾದರೂ ಎಂದೋ ಎದ್ದು ನಿಲ್ಲುತ್ತಿದ್ದವು. ಹೊರಡುವ ಮೊದಲು ನಾವು ಕೇಳಿ ತಿಳಿದುಕೊಂಡದ್ದು ಇದೊಂದನ್ನೇ.

ಭಾರತೀಯರೆಂಬ ಕಾರಣಕ್ಕೂ ನಮ್ಮನ್ನು ಅಲ್ಲಿ ಕೆಲವರು ಪ್ರಶ್ನಿಸಿದರು. ಭೂಕಂಪದ ದಿನಗಳಲ್ಲಿ ನಮ್ಮ ಟಿವಿ ವಾಹಿನಿಗಳ ವರದಿಗಾರರು ಗಾಯಾಳುಗಳ ಬಾಯಿಗೆ ಮೈಕು ಹಿಡಿದ ಪರಿಗೆ ರೋಸಿಹೋಗಿ, ಭಾರತೀಯ ಮಾಧ್ಯಮಗಳೇ ಮನೆಗೆ ಹೋಗಿ ಎಂದು ನೇಪಾಳದ ಜನ ಟ್ವಿಟರಿನಲ್ಲಿ ಕೂಗೆಬ್ಬಿಸಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನೇಪಾಳ ಹೊಸ ಸಂವಿಧಾನವನ್ನು ಜಾರಿಗೆ ತಂದ ನಂತರ ಗಡಿಯಲ್ಲಿ ಸರಕು ಸಾಗಾಣಿಕೆ ತಿಂಗಳುಗಟ್ಟಲೆ ನಿಂತುಹೋಯಿತು. ಅದು ಮಧೇಸಿಗಳ ಪ್ರತಿಭಟನೆಯ ಫಲವೆಂದು ದಿಲ್ಲಿ ಹೇಳಿತು. ದಿಲ್ಲಿಯೇ ಹೂಡಿದ ದಿಗ್ಬಂಧನವೆಂದು ಕಾಠ್ಮಂಡು ಹೇಳಿತು. ಗುಡ್ಡದ ಮೇಲಿನ ತಗಡಿನ ಗುಡಿಸಲಿನವರಿಗೆ ಗೊತ್ತಾದದ್ದು ಇಷ್ಟೇ: ಮೊದಲ ಚಳಿಗಾಲಕ್ಕೆ ಅಡುಗೆ ಅನಿಲವಿಲ್ಲ, ಔಷಧಿಯಿಲ್ಲ, ಸಿಮೆಂಟಿಲ್ಲ. ಒಬ್ಬ ಮುದುಕ ನಮ್ಮ ಮುಖಕ್ಕೇ ಹೇಳಿದ: ಆಗ ಲಾರಿ ನಿಲ್ಲಿಸಿದಿರಿ, ಈಗ ಕಲ್ಲು ಹೊರಲು ಬಂದಿದ್ದೀರಿ. ನಾವು ಸರಕಾರದ ಪರವಾಗಿಯೂ ವಾದಿಸಲಿಲ್ಲ, ವಿರುದ್ಧವಾಗಿಯೂ ವಾದಿಸಲಿಲ್ಲ. ಆತನ ಮನೆಗೆ ಆರು ದಿನ ಕಲ್ಲು ಹೊತ್ತೆವು. ಆತ ಲೆಕ್ಕ ತಪ್ಪದೆ ಆರು ಆಳುಗಳನ್ನು ಆಮಾಳ ಮನೆಗೆ ಕಳುಹಿಸಿದ. ಮಾಧ್ಯಮದ ಆ ಪ್ರಕರಣ ನೆನಪಿದ್ದುದರಿಂದ ಕೆಲಸದ ಸ್ಥಳದಲ್ಲಿ ಯಾರ ಚಿತ್ರವನ್ನೂ ತೆಗೆಯಕೂಡದೆಂದು ನಮ್ಮೊಳಗೆ ನಿಯಮ ಮಾಡಿಕೊಂಡಿದ್ದೆವು. ಇಂದು ಇಲ್ಲಿ ತೋರಿಸಲು ಒಂದು ಚಿತ್ರವೂ ನಮ್ಮ ಬಳಿ ಇಲ್ಲ.

ಪರನಾಡಿಗೆ ಹೋಗಿ ಗುದ್ದಲಿ ಹಿಡಿಯುವ ಕಲ್ಪನೆ ಹೊಸದೂ ಅಲ್ಲ. ಮೊದಲ ಮಹಾಯುದ್ಧದ ನಂತರ, 1920ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಫ್ರಾನ್ಸಿನ ವರ್ಡನ್ ಸಮೀಪದ ಎನ್ ಎಂಬ ನುಚ್ಚುನೂರಾದ ಹಳ್ಳಿಗೆ ಸ್ವಯಂಸೇವಕರ ಸಣ್ಣ ತಂಡವೊಂದನ್ನು ಕರೆದೊಯ್ದರು. ಆ ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆ ತಮ್ಮ ಮನೆಗಳಿಗೆ ಫಿರಂಗಿ ಹಾರಿಸಿದ ದೇಶದವರ ಸೇವೆಯನ್ನು ಸ್ವೀಕರಿಸಲು ಅಲ್ಲಿನವರು ಸಿದ್ಧರಿರಲಿಲ್ಲ, ಕೆಲವೇ ತಿಂಗಳುಗಳಲ್ಲಿ ತಂಡ ಹಿಂತಿರುಗಬೇಕಾಯಿತು. 1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳವನ್ನು ಭೀಕರ ಭೂಕಂಪ ಧ್ವಂಸಗೊಳಿಸಿದಾಗ ಅದೇ ಸೆರೆಸೋಲ್ ಭಾರತಕ್ಕೆ ಬಂದರು. ಬಾಬು ರಾಜೇಂದ್ರ ಪ್ರಸಾದರ ಪರಿಹಾರ ಸಮಿತಿಯೊಂದಿಗೆ ಸೇರಿ ಮುಝಫ್ಫರ್‌ಪುರದ ಕಡೆ ನೆರೆಪೀಡಿತ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸುವ ಕೆಲಸದಲ್ಲಿ ತೊಡಗಿದರು. ಹಾಗೆ ಕಟ್ಟಿದ ಮೊದಲ ಊರಿಗೆ ಶಾಂತಿಪುರವೆಂದು ಹೆಸರಿಟ್ಟರು. ಬಿಳಿಯ ಸಾಹೇಬನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರುವುದು ಅಂದಿನ ಬಿಹಾರದಲ್ಲಿ ಸಾಮಾನ್ಯ ದೃಶ್ಯವಾಗಿರಲಿಲ್ಲ. ಎನ್ ಗ್ರಾಮದಲ್ಲಿ ಆಗದ್ದು ಬಿಹಾರದಲ್ಲಿ ಆಯಿತು. ಊರಿನವರು ಬೇಡವೆಂದ ಸೇವೆ ಎಷ್ಟು ಒಳ್ಳೆಯ ಮನಸ್ಸಿನದಾದರೂ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ನೂರು ವರ್ಷ ಹಳೆಯದು.

ಎರಡನೆಯ ಪ್ರಶ್ನೆ, ಮುಸಲ್ಮಾನರ ಮನೆ ಎಷ್ಟು? ಒಂದು. ಅದೂ ನಾವು ಆರಿಸಿದ್ದಲ್ಲ. ಆಳಿಲ್ಲದ ಮನೆಗಳು ಯಾವುವು ಎಂದು ಊರು ಪಟ್ಟಿ ಮಾಡಿತು, ಅದರಲ್ಲಿ ಅದೂ ಒಂದಾಗಿತ್ತು. ಆ ಚುರೌಟೆ ವೃದ್ಧರ ಬುನಾದಿಯನ್ನು ಕಟ್ಟಿದ್ದು ಗುರುಂಗರು ಮತ್ತು ಕಾಮಿಗಳು. ಕಾಮಿಯ ಮನೆಗೆ ಮೇಲ್ಜಾತಿಯವರು ಆಳಾಗಿ ಹೋಗಬೇಕಾಯಿತು; ಸುಲಭದ ಮಾತಲ್ಲ, ಗೊಣಗಾಟವೂ ಇತ್ತು. ಆದರೆ ನೋಟ್‌ಬುಕ್ಕಿನಲ್ಲಿ ಆಳಿನ ಲೆಕ್ಕವಿತ್ತೇ ಹೊರತು ಜಾತಿಯ ಕಾಲಮ್ಮು ಇರಲಿಲ್ಲ. ಪ್ರಶ್ನೆ ಕೇಳಿದ ಸಹೋದರರಿಗೆ ನಮ್ಮದೂ ಒಂದು ಪ್ರಶ್ನೆಯಿದೆ. 2019ರಲ್ಲಿ ಮಲಪ್ರಭೆ ನಮ್ಮ ಕೇರಿಗೆ ನುಗ್ಗಿದಾಗ ಹಗ್ಗ ಹಿಡಿದು ನಿಂತವರ ಹೆಸರನ್ನು ನಾವು ಕೇಳಿದ್ದೆವೇ?

ಮಲಪ್ರಭೆಯ ಮಾತು ಬಂತು. ನಾವು ಇಷ್ಟು ಹೊತ್ತು ಗೋರ್ಖಾದ ಕತೆ ಹೇಳಿದ್ದು ಇದಕ್ಕಾಗಿಯೇ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ನೂರಾರು ಹಳ್ಳಿಗಳು ಮುಳುಗಿದವು. ಸರಕಾರ ಆಸರೆ ಹೆಸರಿನಲ್ಲಿ, ದಾನಿಗಳ ನೆರವಿನೊಂದಿಗೆ, ಎತ್ತರದ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಅವುಗಳಲ್ಲಿ ಹಲವು ಮನೆಗಳಿಗೆ ಜನ ಹೋಗಲೇ ಇಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕಾಳು ಇಡಲು ಸ್ಥಳವಿಲ್ಲ. ಕಟ್ಟುವಾಗ ಒಂದು ದಿನವೂ ಮನೆಯವರನ್ನು ಕರೆದು ಕೇಳದಿದ್ದರೆ ಹೀಗಾಗುತ್ತದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಜಲಾಶಯ ತುಂಬಿ, ಮುನವಳ್ಳಿಯಿಂದ ರಾಮದುರ್ಗದವರೆಗೆ ನದಿ ದಂಡೆಯ ಮನೆಗಳು ನೀರಿನಲ್ಲಿ ನಿಂತವು. ಮಣ್ಣಿನ ಗೋಡೆ ನೀರು ಕುಡಿದರೆ ಮಾಳಿಗೆಯ ಭಾರವನ್ನು ತಾಳಲಾರದು. ನೀರು ಇಳಿದ ಮೇಲೂ ವಾರಗಟ್ಟಲೆ ಮನೆಗಳು ಬೀಳುತ್ತಲೇ ಇದ್ದವು. ಸಂಪೂರ್ಣ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದೂ ಒಮ್ಮೆಗೇ ಅಲ್ಲ, ಹಂತ ಹಂತವಾಗಿ. ಮೊದಲು ಬುನಾದಿ, ನಂತರ ಗೋಡೆ, ನಂತರ ಛಾವಣಿ. ಗೋರ್ಖಾದ ಗಂಟು ಇಲ್ಲಿಯೂ ಅದೇ ಗಂಟು.

ನಾವು ನದಿ ದಂಡೆಯ ಊರುಗಳಲ್ಲಿ ತಿರುಗಾಡಿದಾಗ ಬುನಾದಿಯಲ್ಲೇ ನಿಂತು ಜಾಲಿ ಬೆಳೆದ ಮನೆಗಳನ್ನು ಕಂಡಿದ್ದೇವೆ. ಅವು ಯಾರ ಮನೆಗಳು? ಗಂಡನಿಲ್ಲದವಳದು, ಮಗ ಗೋವಾದಲ್ಲಿರುವವನದು, ಹಾಸಿಗೆ ಹಿಡಿದವನದು. ಇಂಥವರಿಗೆ ನಾವು ಏನು ಕೊಡುತ್ತಿದ್ದೇವೆ? ರಮಝಾನಿನಲ್ಲಿ ಒಂದು ರೇಶನ್ ಕಿಟ್. ಅದನ್ನು ನಿಲ್ಲಿಸಬೇಕೆಂದು ನಾವು ಹೇಳುತ್ತಿಲ್ಲ, ಹಸಿದವನಿಗೆ ಮೊದಲು ಅನ್ನವೇ ಬೇಕು. ಆದರೆ ಕಿಟ್ ಪಡೆಯುವಾಗ ಆ ತಾಯಿ ಸಾಲಿನಲ್ಲಿ ನಿಲ್ಲುತ್ತಾಳೆ, ಚಿತ್ರಕ್ಕೆ ಮುಖ ಕೊಡುತ್ತಾಳೆ. ಆಕೆಯ ಹೆಸರಿನಲ್ಲಿ 77 ಆಳುಗಳ ಮುಯ್ಯಿ ಬರೆದರೆ ಆಕೆ ಎಲ್ಲಿ ನಿಲ್ಲುತ್ತಾಳೆ?

ಬಾಕಿ ಉಳಿದ ಕಂತುಗಳು ಬರುತ್ತವೆಯೋ ಇಲ್ಲವೋ ಎಂಬುದು ಕಚೇರಿಯೊಡನೆ ಮಾಡಬೇಕಾದ ಹೋರಾಟ. ಅರ್ಜಿ, ದಾಖಲೆ, ಹೆಸರಿನ ಕಾಗುಣಿತದ ತಪ್ಪು, ಖಾತೆಯ ಗೊಂದಲ, ಅದನ್ನೂ ನಾವೇ ಮಾಡಬೇಕು. ನಮ್ಮಲ್ಲಿ ಓದಿದ ಹುಡುಗರಿಗೆ ಅದು ತಕ್ಕ ಕೆಲಸ. ಆದರೆ ಕಲ್ಲು ಹೊರುವುದಕ್ಕೆ ಕಂತು ಬೇಕಿಲ್ಲ. ಈ ಸಭೆಯಲ್ಲಿ ಗೌಂಡಿಗಳಿದ್ದಾರೆ, ಬಡಿಗರಿದ್ದಾರೆ, ಟ್ರ್ಯಾಕ್ಟರ್ ಇರುವವರಿದ್ದಾರೆ. ಈಗಲೇ ಹಣದ ರಸೀದಿ ಪುಸ್ತಕ ತೆರೆಯಬೇಡಿ ಎಂದು ಸಂಘಟಕರಲ್ಲಿ ಕೇಳಿಕೊಂಡಿದ್ದೇವೆ. ಬದಲಾಗಿ ಬಾಗಿಲ ಬಳಿ ಒಂದು ನೋಟ್‌ಬುಕ್ಕು ಇಡಲಾಗಿದೆ. ಅದರಲ್ಲಿ ಮೂರೇ ಕಾಲಮ್ಮುಗಳಿವೆ: ಹೆಸರು, ಬರುವ ಕೆಲಸ, ವರ್ಷದಲ್ಲಿ ಎಷ್ಟು ದಿನ. ಒಂದು ದಿನವೆಂದು ಬರೆದರೂ ಸಾಕು. ಆ ದಿನ ಯಾರ ಹೆಸರಿಗೆ ಸಲ್ಲಬೇಕೆಂಬುದನ್ನು ನಾವಾಗಲಿ ನೀವಾಗಲಿ ತೀರ್ಮಾನಿಸುವುದು ಬೇಡ. ಆಯಾ ಊರಿನವರು, ಎಲ್ಲ ಕೇರಿಯವರೂ ಕುಳಿತು ಆಳಿಲ್ಲದ ಮನೆಗಳ ಪಟ್ಟಿ ಮಾಡಲಿ. ಮುನವಳ್ಳಿಯ ಕಡೆ ಇಂಥ ಪಟ್ಟಿಗೆ ಒಂದಿಬ್ಬರು ಹಿರಿಯರು ಈಗಾಗಲೇ ಕುಳಿತಿದ್ದಾರೆ; ಅವರು ಕೇಳಿರುವುದು ಮೊದಲ ವಾರಕ್ಕೆ ಇಬ್ಬರು ಗೌಂಡಿಗಳು ಮತ್ತು ಎಂಟು ಆಳುಗಳನ್ನು. ಕೆಲಸ ಬೆಳಿಗ್ಗೆ ಏಳಕ್ಕೆ ಶುರುವಾಗುತ್ತದೆ, ಬುತ್ತಿ ನೀವೇ ತರಬೇಕು.